ಸರಾಸರಿಯ ಕಂಬಕ್ಕಿಂತ ಮೊದಲು ನಾನು ನೋಡುವುದು

ಹಾಸನದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಕೆಲಸವೂ ನನ್ನ ಪಾಲಿಗಿದೆ. ಹಾಗಾಗಿ ವಿದ್ಯಾರ್ಥಿ ಸಮೀಕ್ಷೆಗಳ ಸರಾಸರಿ ಅಂಕಗಳನ್ನು ಕಂಬಗಳಾಗಿ ಬರೆದು, ಬೇರೆ ಬೇರೆ ವಿಶ್ವವಿದ್ಯಾಲಯಗಳನ್ನು ಅಕ್ಕಪಕ್ಕ ನಿಲ್ಲಿಸಿದ ಗ್ರಾಫ್‌ಗಳು ಆಗಾಗ ನನ್ನ ಕೈಗೆ ಬರುತ್ತವೆ. ಮೀಟಿಂಗ್‌ನಲ್ಲಿ ಎಲ್ಲರೂ ಮೊದಲು ಕೇಳುವುದು, ‘ಯಾರು ಮುಂದಿದ್ದಾರೆ ಸರ್?’ ಅಂತ. ಅದಕ್ಕೆ ನಾನು ಕೊನೆಗೆ ಬರುತ್ತೇನೆ.

ಮಕ್ಕಳನ್ನು ಏನು ಕೇಳಿದ್ದಾರೆ ಅಂತ ಮೊದಲು ನೋಡುತ್ತೇನೆ. ಕಾಲೇಜುಗಳಿಗೆ ಮಾನ್ಯತೆ, ಗ್ರೇಡ್ ಕೊಡುವ ನ್ಯಾಕ್‌ಗಾಗಿ ನಾವು ಮಾಡುವುದು ವಿದ್ಯಾರ್ಥಿ ತೃಪ್ತಿ ಸಮೀಕ್ಷೆ. ಮಕ್ಕಳು ಓದಿನಲ್ಲಿ ಎಷ್ಟು ತೊಡಗುತ್ತಾರೆ ಎಂದು ಅಳೆಯುವ ಅಮೆರಿಕದ ಎನ್‌ಎಸ್‌ಎಸ್‌ಇ (ನ್ಯಾಷನಲ್ ಸರ್ವೆ ಆಫ್ ಸ್ಟೂಡೆಂಟ್ ಎಂಗೇಜ್‌ಮೆಂಟ್) ಬೇರೆ ಥರ. 2000ದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಆ ಸಮೀಕ್ಷೆ, ಮೊದಲ ವರ್ಷ ಮತ್ತು ಕೊನೆಯ ವರ್ಷದವರನ್ನು ಕೇಳುತ್ತದೆ: ಸಹಪಾಠಿಗೆ ಎಷ್ಟು ಸಲ ಪಾಠ ವಿವರಿಸಿದಿರಿ? ಮುಂದೇನು ಮಾಡಬೇಕೆಂದು ಮೇಷ್ಟ್ರ ಹತ್ತಿರ ಎಷ್ಟು ಸಲ ಮಾತಾಡಿದಿರಿ? ಕಾಲೇಜು ಚೆನ್ನಾಗಿದೆ ಎನ್ನುವ ಹುಡುಗ ಇಡೀ ವರ್ಷ ಲೈಬ್ರರಿಗೆ ಕಾಲಿಡದೆಯೂ ಇರಬಹುದು, ಅಲ್ವಾ? ಈ ಎರಡು ಸಮೀಕ್ಷೆಗಳ ಅಂಕಗಳನ್ನು ಒಂದೇ ಗ್ರಾಫ್‌ನಲ್ಲಿ ಹಾಕಿದರೆ ನಾನು ಒಪ್ಪುವುದಿಲ್ಲ.

ಆಮೇಲೆ ಅಳತೆ. ಎನ್‌ಎಸ್‌ಎಸ್‌ಇಯಲ್ಲಿ ‘ಎಂದೂ ಇಲ್ಲ’ ಅಂದರೆ 0, ‘ಕೆಲವೊಮ್ಮೆ’ 20, ‘ಆಗಾಗ’ 40, ‘ತುಂಬಾ ಸಲ’ 60. ಇವುಗಳ ಸರಾಸರಿಯೇ ಅಂಕ. 40 ಬಂದರೆ ಅದನ್ನು ಶೇಕಡಾ 40 ಎಂದು ಓದಬಾರದು. ಎಡಗಡೆಯ ಅಳತೆ ಎಲ್ಲಿಂದ ಶುರುವಾಗಿದೆ ಅನ್ನೋದೂ ಮುಖ್ಯ. ಒಂದು ಕಡೆ 36, ಇನ್ನೊಂದು ಕಡೆ 38 ಅಂದುಕೊಳ್ಳಿ. ಅಳತೆ 30ರಿಂದ ಶುರುವಾದರೆ ಎರಡನೆಯ ಕಂಬ ಮೊದಲನೆಯದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಎತ್ತರ ಕಾಣುತ್ತದೆ. ಅದನ್ನೇ ಸೊನ್ನೆಯಿಂದ ಬರೆದರೆ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ನಾನು ಎರಡನ್ನೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಆ 2 ಅಂಕಕ್ಕೆ ಬೆಲೆ ಎಷ್ಟು? ಮಕ್ಕಳ ಅಂಕಗಳ ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎನ್ನುವ ಅಳತೆ, 14 ಇದ್ದರೆ, 2ನ್ನು 14ರಿಂದ ಭಾಗಿಸಿ: 0.14. ಎನ್‌ಎಸ್‌ಎಸ್‌ಇಯವರ ಲೆಕ್ಕದಲ್ಲೇ 0.1 ಸಣ್ಣದು, 0.3 ಮಧ್ಯಮ, 0.5 ದೊಡ್ಡದು. ಒಂದೊಂದು ಕಡೆ ಉತ್ತರಿಸಿದವರು ಬರೀ 100 ಜನ ಆಗಿದ್ದರೆ ಒಂದೊಂದು ಸರಾಸರಿಯೂ ಸುಮಾರು 2.7 ಅಂಕ ಆಚೀಚೆ ಆಗಬಹುದು. ಇಷ್ಟರ ಮೇಲೆ ರ‍್ಯಾಂಕ್ ಕೊಡುವುದು ಮಕ್ಕಳಿಗೂ ಮೇಷ್ಟ್ರುಗಳಿಗೂ ಮಾಡುವ ಅನ್ಯಾಯ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬಾಕ್ಸ್ ಪ್ಲಾಟ್, ಅಂದರೆ ನಡುವಿನ ಅರ್ಧದಷ್ಟು ಮಕ್ಕಳ ಅಂಕಗಳನ್ನು ಒಂದು ಪೆಟ್ಟಿಗೆಯಾಗಿ ತೋರಿಸುವ ಗ್ರಾಫ್. ಅದರಲ್ಲಿ ಎರಡು ವಿಶ್ವವಿದ್ಯಾಲಯಗಳ ಪೆಟ್ಟಿಗೆಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೂರುತ್ತವೆ. ಆದರೆ ಒಂದೊಂದು ಪೆಟ್ಟಿಗೆಯೂ ಉದ್ದ. ಸಂಸ್ಥೆ ಸಂಸ್ಥೆಗಳ ನಡುವೆ ಇರುವ ಅಂತರಕ್ಕಿಂತ ಒಂದೇ ಸಂಸ್ಥೆಯ ಮಕ್ಕಳ ನಡುವಿನ ಅಂತರ ದೊಡ್ಡದು. ಹುಡುಕಬೇಕಾದದ್ದು ಅಲ್ಲೇ.

ಹಾಗಾಗಿ ನಮ್ಮ ಕಾಲೇಜಿನ ಸಮೀಕ್ಷೆಯನ್ನು ಹಾಸ್ಟೆಲ್‌ನವರು, ಬಸ್ಸಿನಲ್ಲಿ ಬರುವವರು ಎಂದು ಬೇರೆ ಮಾಡಿದೆ. ಬೇಲೂರು, ಆಲೂರು, ಅರಸೀಕೆರೆ ಕಡೆಯಿಂದ ಓಡಾಡುವವರು ಪಾಠ ಕೇಳುವುದರಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ಗುಂಪಿನಲ್ಲಿ ಓದುವ ಪ್ರಶ್ನೆಯಲ್ಲಿ ಮಾತ್ರ ಹಿಂದೆ ಬಿದ್ದಿದ್ದರು. ಕಾಲೇಜು ಬಿಟ್ಟ ಕೂಡಲೇ ಬಸ್ ಹಿಡಿಯಬೇಕು, ಇನ್ನೆಲ್ಲಿ ಗುಂಪು? ಇಡೀ ಕಾಲೇಜಿನ ಸರಾಸರಿಯಲ್ಲಿ ಇದು ಕಾಣುತ್ತಿರಲಿಲ್ಲ. ಪ್ರಿನ್ಸಿಪಾಲರಿಗೆ ತೋರಿಸಿದೆ. ಗುಂಪು ಓದಿಗೆ ಟೈಮ್‌ಟೇಬಲ್ ಒಳಗೇ, ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ಪೀರಿಯಡ್ ಕೊಟ್ಟರು. ಮುಂದಿನ ಸಮೀಕ್ಷೆಯಲ್ಲಿ ಊರಿನ ದೂರವನ್ನೂ ಕೇಳುತ್ತಿದ್ದೇವೆ.