ಅಮೆರಿಕದ ಅಡುಗೆಮನೆಯಲ್ಲಿ ಮೆಂತ್ಯದ ಹಿಟ್ಟು: ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಅಮೆರಿಕಕ್ಕೆ ಬರುವವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಿನ ಜಾಗವನ್ನು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೆಂತ್ಯದ ಹಿಟ್ಟು ಮತ್ತು ಕೆಂಪು ಖಾರವೇ ಹಿಡಿದಿರುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಡಬ್ಬಿಗಳು ಬರಿದಾಗುತ್ತವೆ. ಆಮೇಲೆ ಊರಿನಿಂದ ಯಾರು ಬರುತ್ತಾರೆಂದು ಕಾಯುವುದು, ಅಥವಾ ಅಂಗಡಿಯ ಬಾಟಲಿಯ ಪುಡಿಯನ್ನು ತಂದು ಅದು ನಮ್ಮದಲ್ಲವೆಂದು ಗೊಣಗುವುದು ಶುರುವಾಗುತ್ತದೆ. ಬೇಳೆ ಮತ್ತು ಮಸಾಲೆಯ ಈ ಮೆಂತ್ಯದ ಹಿಟ್ಟಿಗೆ ಬೇಕಾದ ಪ್ರತಿಯೊಂದು ಸಾಮಾನೂ ಇಲ್ಲಿ ಸಿಗುತ್ತದೆ. ಕೆಡುವುದೇನಿದ್ದರೂ ಹುರಿಯುವ ಹದದಲ್ಲಿ ಮತ್ತು ತೇವದಲ್ಲಿ ಕೆಡುತ್ತದೆ. ಆದ್ದರಿಂದ ಈ ಬರಹದ ಬಹುಪಾಲು ಆ ಎರಡರ ಬಗ್ಗೆಯೇ ಇದೆ.

ಊರಿನಿಂದ ತಂದೆ-ತಾಯಿ ಬರುವವರಿದ್ದರೆ ಎರಡು ಮೂರು ಸಂಗತಿಗಳನ್ನು ಅವರಿಗೆ ಮೊದಲೇ ತಿಳಿಸಿಬಿಡಿ. ಒಣಕೊಬ್ಬರಿಯ ಬಟ್ಟಲುಗಳನ್ನು ವಿಮಾನದ ಸಾಮಾನಿನಲ್ಲಿ ಹಾಕಬಾರದು. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಲ್ಲದೆಂದು ಅಪಾಯಕಾರಿ ಸರಕುಗಳ ಸಾಲಿನಲ್ಲಿದೆ. ಹಸಿ ಕರಿಬೇವನ್ನು ಅಮೆರಿಕದೊಳಗೆ ತರಲು ಬಿಡುವುದಿಲ್ಲ, ಏಕೆಂದರೆ ಕಿತ್ತಳೆ ಮತ್ತು ನಿಂಬೆಯ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ಹುರಿದು ಬೀಸಿದ ಹಿಟ್ಟನ್ನು ತರಬಹುದು. ಆದರೆ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ತಪಾಸಣೆಯಲ್ಲಿ ಬಿಚ್ಚಿಸುವ ಸಂಭವವಿರುವುದರಿಂದ ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ಕಸ್ಟಮ್ಸ್‌ನಲ್ಲಿ ತಿನ್ನುವ ಪದಾರ್ಥವಿದೆಯೆಂದು ನೇರವಾಗಿ ಹೇಳುವುದು ಒಳ್ಳೆಯದು. ಹೇಳಿದವರಿಗೆ ಹೆಚ್ಚೆಂದರೆ ಡಬ್ಬಿ ಹೋಗುತ್ತದೆ. ಮುಚ್ಚಿಟ್ಟವರಿಗೆ ದಂಡವೂ ಬೀಳಬಹುದು.

ಇನ್ನು ಸಾಮಾನು. ಇಲ್ಲಿನ ದೊಡ್ಡ ಭಾರತೀಯ ಕಿರಾಣಿ ಅಂಗಡಿಗಳಲ್ಲಿ ಹಲವು ಗುಜರಾತಿಗಳು ಕಟ್ಟಿ ಬೆಳೆಸಿದವು. 1974ರಲ್ಲಿ ಷಿಕಾಗೋದ ಡೆವನ್ ಅವೆನ್ಯೂದಲ್ಲಿ ಶುರುವಾದ ಪಟೇಲ್ ಬ್ರದರ್ಸ್ ಅವುಗಳಲ್ಲಿ ಹೆಸರಾದದ್ದು. ಹೀಗಾಗಿ ಪಾಕೀಟುಗಳ ಮೇಲೆ ಹಿಂದಿ, ಗುಜರಾತಿ ಹೆಸರುಗಳಿರುತ್ತವೆ. ಹವೀಜ ಬೇಕಾದವರು ಧನಿಯಾ ಎಂದು ಹುಡುಕಬೇಕು. ಪುಟಾಣಿ (ಹುರಿಗಡಲೆ) ಬೇಕಾದವರು ದಾಲಿಯಾ ಎಂದು ಕೇಳಿದರೆ ಕೆಲವು ಕಡೆ ಗೋಧಿಯ ನುಚ್ಚನ್ನು ಕೈಗಿಡುತ್ತಾರೆ, ಆದ್ದರಿಂದ ಹೆಸರನ್ನು ನಂಬದೆ ಪಾಕೀಟಿನೊಳಗಿನ ಕಾಳನ್ನು ನೋಡಿ ತೆಗೆದುಕೊಳ್ಳಿ. ಇಡೀ ಗೋಧಿಕಾಳು ಅಮೆರಿಕನ್ ಅಂಗಡಿಯಲ್ಲಿ ವೀಟ್ ಬೆರೀಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದೇ ಅಂಗಡಿಯ ತುರಿದ ಕೊಬ್ಬರಿಯಲ್ಲಿ ಬಹಳಷ್ಟು ಸಕ್ಕರೆ ಬೆರೆಸಿದ್ದಾಗಿರುತ್ತದೆ, ಸಕ್ಕರೆ ಸೇರಿಸಿಲ್ಲವೆಂದು ಬರೆದದ್ದನ್ನೇ ಆರಿಸಿಕೊಳ್ಳಬೇಕು.

ಅತಿ ದೊಡ್ಡ ಮೋಸ ಖಾರದ ಪುಡಿಯಲ್ಲಿದೆ. ಅಮೆರಿಕನ್ ಸೂಪರ್ ಮಾರ್ಕೆಟ್ಟಿನಲ್ಲಿ ಚಿಲಿ ಪೌಡರ್ ಎಂದು ಮಾರುವುದು ಬರೀ ಮೆಣಸಿನಕಾಯಿಯ ಪುಡಿಯಲ್ಲ. ಅದಕ್ಕೆ ಜೀರಿಗೆ, ಬೆಳ್ಳುಳ್ಳಿ ಪುಡಿ, ಓರೆಗಾನೊ ಎಂಬ ಎಲೆ ಇತ್ಯಾದಿ ಬೆರೆತಿರುತ್ತವೆ, ಅದು ಅವರ ಚಿಲಿ ಎಂಬ ಸಾರಿಗೆಂದೇ ಮಾಡಿದ ಮಸಾಲೆ. ಅದನ್ನು ಹಿಂಡಿಗೆ ಹಾಕಿದರೆ ಇಡೀ ಡಬ್ಬಿ ಹಾಳು. ಮೆಂತ್ಯದ ಹಿಟ್ಟಿಗೆ ಇಡೀ ಒಣಮೆಣಸಿನಕಾಯಿಯೇ ಸರಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೇಲೆ ಇಲ್ಲಿನ ಅಂಗಡಿಗಳಲ್ಲೂ ಆ ಹೆಸರಿನ ಪಾಕೀಟುಗಳು ಕಾಣುತ್ತವೆ. ಸುಕ್ಕುಗಟ್ಟಿದ ತೊಗಟೆ, ಗಾಢ ಕೆಂಪು, ಮಿತವಾದ ಖಾರ ಅದರ ಲಕ್ಷಣ. ಅದು ಸಿಗದಿದ್ದರೆ ಕಾಶ್ಮೀರಿ ಎಂಬುದು ಬಣ್ಣಕ್ಕೆ ಸಾಕು, ಖಾರಕ್ಕೆ ಎರಡು ಗುಂಟೂರು ಸೇರಿಸಿಕೊಳ್ಳಿ. ಸಂಕೇಶ್ವರದ ಮೆಣಸಿನಕಾಯಿಯ ಖಾರಕ್ಕೆ ನಾಲಗೆ ಒಗ್ಗಿದ ಬೆಳಗಾವಿ ಕಡೆಯವರು ಗುಂಟೂರಿನ ಪಾಲನ್ನು ತಮ್ಮ ಇಷ್ಟದಂತೆ ಏರಿಸಿಕೊಳ್ಳಬಹುದು.

ಅಳತೆಗೆ ಊರಿನ ವಾಟಗಾ (ಸಣ್ಣ ಬಟ್ಟಲು) ಇಲ್ಲದವರು ಅಮೆರಿಕನ್ ಅಳತೆಯ ಅರ್ಧ ಕಪ್ಪನ್ನೇ ವಾಟಗಾ ಎಂದುಕೊಳ್ಳಿ. ಕಡಲೆಬೇಳೆ ಎರಡು ವಾಟಗಾ, ಉದ್ದಿನಬೇಳೆ ಒಂದು, ಅಕ್ಕಿ ಅರ್ಧ, ಗೋಧಿ ಅರ್ಧ. ತೂಕದಲ್ಲಿ ಹೇಳುವುದಾದರೆ ಸುಮಾರು 200, 100, 50, 50 ಗ್ರಾಂ. ಇದಕ್ಕೆ ನಾಲ್ಕು ದೊಡ್ಡ ಚಮಚ ಹವೀಜ, ಎರಡು ದೊಡ್ಡ ಚಮಚ ಜೀರಿಗೆ, ಎರಡು ಸಣ್ಣ ಚಮಚ ಮೆಂತ್ಯದ ಕಾಳು, ಒಂದು ಸಣ್ಣ ಚಮಚ ಸಾಸಿವೆ, ಎಂಟು ಹತ್ತು ಮೆಣಸಿನಕಾಯಿ, ಒಂದು ಸಣ್ಣ ಚಮಚ ಅರಿಶಿನ, ಅರ್ಧ ಚಮಚ ಇಂಗು. ಉಪ್ಪನ್ನು ಕೆಲವರು ಹಿಟ್ಟಿಗೇ ಹಾಕುತ್ತಾರೆ, ಕೆಲವರು ಕಲಸುವಾಗ ಹಾಕುತ್ತಾರೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಎರಡನೆಯ ಪದ್ಧತಿಯೇ ನನಗೆ ಸರಿಯೆನಿಸುತ್ತದೆ. ಕೆಲವು ಮನೆಗಳಲ್ಲಿ ಹೆಸರುಬೇಳೆ ಸೇರುತ್ತದೆ, ಕೆಲವು ಮನೆಗಳಲ್ಲಿ ಗೋಧಿ ಇರುವುದಿಲ್ಲ. ನಿಮ್ಮ ಮನೆಯ ರುಚಿ ಯಾವುದೋ ಅದನ್ನು ಊರಿಗೆ ಫೋನು ಮಾಡಿ ಕೇಳಿಕೊಳ್ಳಿ.

ಹಾಗೆ ಕೇಳಿದಾಗ ಅಳತೆಗೆ ಉತ್ತರ ಸಿಗುತ್ತದೆ, ಹುರಿಯುವುದಕ್ಕೆ ಸಿಗುವುದಿಲ್ಲ. ‘ಅವ್ವಾ, ಎಷ್ಟು ಹೊತ್ತು ಹುರೀಲಿ?’ ಎಂದರೆ ‘ಕೆಂಪಗ ಆಗೋತನಕ ಹುರಿ, ಘಮ್ ಅಂತ ವಾಸನಿ ಬರತೈತಿ’ ಎಂಬಷ್ಟೇ ಮಾತು ಬರುತ್ತದೆ. ಮಾತು ನಿಜ, ಆದರೆ ಅದು ಗ್ಯಾಸಿನ ಒಲೆಯ ಮುಂದೆ ನಿಂತವರ ಮಾತು. ಗ್ಯಾಸಿನಲ್ಲಿ ಉರಿ ತಗ್ಗಿಸಿದ ಕೂಡಲೇ ಕಾವು ತಗ್ಗುತ್ತದೆ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿರುವ ಗಾಜಿನ ಹಾಸಿನ ಅಥವಾ ಸುರುಳಿಯ ವಿದ್ಯುತ್ ಒಲೆಯಾದರೋ ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತಲೇ ಇರುತ್ತದೆ. ಬೇಳೆ ಹದಕ್ಕೆ ಬಂತೆಂದು ಗುಂಡಿ ತಿರುಗಿಸಿ, ಬೋಗುಣಿಯನ್ನು ಅಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಬರುವಷ್ಟರಲ್ಲಿ ತಳದ ಬೇಳೆ ಕಂದಾಗಿ ಕಹಿಯಾಗಿರುತ್ತದೆ. ಹಾಗಾಗಿ ದೊಡ್ಡ ತಟ್ಟೆಯೊಂದನ್ನು ಪಕ್ಕದಲ್ಲೇ ಇಟ್ಟುಕೊಂಡು, ಬೇಕೆನಿಸಿದ ಬಣ್ಣ ಬರಲು ಇನ್ನೂ ಒಂದು ಛಾಯೆ ಬಾಕಿಯಿರುವಾಗಲೇ ಬೇಳೆಯನ್ನು ಅದಕ್ಕೆ ಸುರಿದುಬಿಡಬೇಕು. ಎರಕದ ಕಬ್ಬಿಣದ ದಪ್ಪ ತಳದ ಬಾಣಲೆ ಇದಕ್ಕೆ ಅತ್ಯುತ್ತಮ. ನಾನ್‌ಸ್ಟಿಕ್ ಪಾತ್ರೆಯನ್ನು ಒಣಗಿದ್ದಂತೆಯೇ ಹೆಚ್ಚು ಕಾವಿನಲ್ಲಿ ಕಾಯಿಸಬಾರದು, ಅದರ ಲೇಪ ಕೆಟ್ಟು ಹೊಗೆ ಬಿಡುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಾಕಿ ಹುರಿಯುವ ಆತುರ ಬೇಡ. ಕಡಲೆಬೇಳೆ ದಪ್ಪ, ಅದರ ಒಡಲಿನವರೆಗೆ ಕಾವು ಇಳಿಯಲು ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಕು. ಅಷ್ಟರೊಳಗೆ ಜೀರಿಗೆ ಸುಟ್ಟು ಬೂದಿಯಾಗುತ್ತದೆ. ಮೊದಲು ಕಡಲೆಬೇಳೆ, ನಂತರ ಉದ್ದಿನಬೇಳೆ, ಆಮೇಲೆ ಅಕ್ಕಿ, ಗೋಧಿ. ಅಕ್ಕಿ ಬೆಳ್ಳಗಾಗಿ ಅಲ್ಲೊಂದು ಇಲ್ಲೊಂದು ಅರಳತೊಡಗಿದರೆ ಸಾಕು, ಗೋಧಿ ಚಟಪಟ ಎಂದರೆ ಸಾಕು. ಕಡಲೆಬೇಳೆಯ ಹದವನ್ನು ಬಣ್ಣದಿಂದ ಮಾತ್ರ ತೀರ್ಮಾನಿಸಬೇಡಿ. ಎರಡು ಬೇಳೆಯನ್ನು ಹೊರತೆಗೆದು, ಊದಿ, ಪೂರ್ತಿ ಆರಿದ ಮೇಲೆ ಹಲ್ಲಿನಲ್ಲಿ ಕಡಿದು ನೋಡಿ. ಬಿಸಿಯಿರುವಾಗ ಚೆನ್ನಾಗಿ ಹುರಿದ ಬೇಳೆಯೂ ಮೆತ್ತಗೇ ಇರುತ್ತದೆ. ಆರಿದ ಮೇಲೆ ಕಟ್ ಎಂದು ಮುರಿದು, ಒಡೆದ ಮೈ ನಡುವಿನವರೆಗೂ ಒಂದೇ ಬಣ್ಣವಾಗಿ ಕಂಡರೆ ಹದ ಬಂದಿದೆ. ನಡುವೆ ಹಸಿ ಹಳದಿ ಉಳಿದು, ಹಲ್ಲಿಗೆ ಹತ್ತಿಕೊಂಡರೆ ಇನ್ನೂ ಹುರಿಯಬೇಕು. ಈ ಹಸಿ ಉಳಿದ ಬೇಳೆಯಿಂದಲೇ ಹಿಟ್ಟು ಮೊಸರಿನಲ್ಲಿ ಅಂಟಂಟಾಗುವುದು, ಅನ್ನದ ಮೇಲೆ ಹಾಕಿದಾಗ ಹಸಿ ವಾಸನೆ ಬರುವುದು.

ಮೆಂತ್ಯದ ಕಾಳಿನ ಬಗ್ಗೆ ವಿಶೇಷ ಎಚ್ಚರ ಬೇಕು. ಅದರ ಕಹಿ ಹಿತವಾಗಿ ನಿಲ್ಲುವುದು ತಿಳಿಗೆಂಪು ಬಣ್ಣದವರೆಗೆ ಮಾತ್ರ. ಕಡುಗಂದಾದರೆ ಹಿಟ್ಟಿನ ಪ್ರತಿ ತುತ್ತಿನಲ್ಲೂ ಔಷಧಿಯ ರುಚಿ ಬರುತ್ತದೆ, ಆಮೇಲೆ ಎಷ್ಟು ಬೇಳೆ ಸೇರಿಸಿದರೂ ಸುಧಾರಿಸುವುದಿಲ್ಲ. ಕೊನೆಯಲ್ಲಿ, ಬಾಣಲೆಯನ್ನು ಒಲೆಯಿಂದ ಇಳಿಸಿ ಅದರ ಉಳಿದ ಕಾವಿನಲ್ಲೇ ಮೆಂತ್ಯ, ಸಾಸಿವೆ, ಜೀರಿಗೆಗಳನ್ನು ಆಡಿಸಿ ತೆಗೆಯುವುದು ಇಲ್ಲಿನ ಒಲೆಗೆ ಒಗ್ಗಿದ ಉಪಾಯ. ಹೆಚ್ಚು ಪ್ರಮಾಣದಲ್ಲಿ ಮಾಡುವವರು ಬೇಳೆಗಳನ್ನು ಓವನ್ನಿನಲ್ಲಿ ಹುರಿಯಬಹುದು: 300 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್, ಅಗಲವಾದ ತಟ್ಟೆಯಲ್ಲಿ ಒಂದೇ ಪದರಾಗಿ ಹರವಿ, ಆಗಾಗ ಕೈಯಾಡಿಸಬೇಕು. ಗಮನ ಬೇರೆಡೆ ಹೋಗುವ ಚಿಕ್ಕ ಮಕ್ಕಳಿರುವ ಮನೆಗೆ ಇದು ನೆಮ್ಮದಿಯ ದಾರಿ.

ಮೆಣಸಿನಕಾಯಿ ಹುರಿಯುವ ಮೊದಲು ತಲೆಯೆತ್ತಿ ಒಲೆಯ ಮೇಲಿನ ಫ್ಯಾನನ್ನು ನೋಡಿ. ಬಹಳಷ್ಟು ಬಾಡಿಗೆ ಮನೆಗಳಲ್ಲಿ ಅದು ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಒಂದು ಜಾಲರಿಯ ಮೂಲಕ ಸೋಸಿ ಮತ್ತೆ ಕೋಣೆಯೊಳಗೇ ಬಿಡುತ್ತದೆ. ಘಾಟು ಎದ್ದರೆ ಮನೆಯವರೆಲ್ಲ ಕೆಮ್ಮುವುದಲ್ಲದೆ ಹೊಗೆಯ ಅಲಾರಾಮು ಕೂಗಿ, ಕೆಲವು ಕಟ್ಟಡಗಳಲ್ಲಿ ಅಗ್ನಿಶಾಮಕ ದಳದವರೂ ಬಂದು ನಿಲ್ಲುತ್ತಾರೆ. ಅಲಾರಾಮಿನ ಬ್ಯಾಟರಿ ತೆಗೆಯುವ ಬುದ್ಧಿವಂತಿಕೆಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಕಿಟಕಿ ತೆರೆದು, ಮೆಣಸಿನಕಾಯಿಯ ತೊಟ್ಟು ತೆಗೆದು, ನಾಲ್ಕು ಹನಿ ಎಣ್ಣೆ ಸವರಿ, ಕಡಲೆಬೇಳೆ ಹುರಿದಿಳಿಸಿದ ಬಾಣಲೆಯ ಕಾವಿನಲ್ಲೇ ಗರಿಗರಿಯಾಗಿಸಿದರೆ ಘಾಟು ಏಳುವುದೇ ಇಲ್ಲ. ಕಪ್ಪಾಗುವವರೆಗೆ ಹುರಿಯುವ ಅಗತ್ಯವೂ ಇಲ್ಲ, ತೇವ ಹೋಗಿ ಕೈಯಲ್ಲಿ ಮುರಿದರೆ ಆಯಿತು.

ಊರಿನಲ್ಲಿ ಹುರಿದದ್ದನ್ನು ಡಬ್ಬಿಯಲ್ಲಿ ಹಾಕಿ ಗಿರಣಿಗೆ ಕಳಿಸುತ್ತಿದ್ದೆವು. ಇಲ್ಲಿ ಗಿರಣಿಯೂ ನಾವೇ. ಊರಿನ ಮಿಕ್ಸರನ್ನು ಹೊತ್ತು ತರಬೇಡಿ. ಅದು 230 ವೋಲ್ಟಿನದು, ಇಲ್ಲಿನ ಮನೆಯ ವಿದ್ಯುತ್ತು 120 ವೋಲ್ಟು. ಅಂಗಡಿಯಲ್ಲಿ ಸಿಗುವ ಸಣ್ಣ ಅಡಾಪ್ಟರ್ ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟನ್ನು ಏರಿಸುವುದಿಲ್ಲ. ಏರಿಸುವ ಟ್ರಾನ್ಸ್‌ಫಾರ್ಮರು ಮಿಕ್ಸರಿಗಿಂತ ಭಾರ. ಇಲ್ಲಿನ ವೋಲ್ಟಿಗೆಂದೇ ಮಾಡಿದ ಭಾರತೀಯ ಮಿಕ್ಸರುಗಳು ಸಿಗುತ್ತವೆ, ಅಡುಗೆಮನೆಗೆ ಮೊದಲು ಕೊಳ್ಳಬೇಕಾದ ಸಾಮಾನು ಅದೇ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಬ್ಲೇಡು ತಿರುಗುವ ಅಗ್ಗದ ಕಾಫಿ ಗ್ರೈಂಡರು ಚೆನ್ನಾಗಿ ನಡೆಯುತ್ತದೆ, ಒಂದು ಸಲಕ್ಕೆ ಒಂದು ಹಿಡಿಯಷ್ಟೇ ಹಾಕಬೇಕು ಎಂಬುದನ್ನು ಬಿಟ್ಟರೆ. ಅದೇ ಗ್ರೈಂಡರಿನಲ್ಲಿ ಮತ್ತೆ ಕಾಫಿ ಬೀಜ ಪುಡಿಮಾಡುವ ಆಸೆ ಬಿಡಿ, ಇಂಗಿನ ವಾಸನೆ ಹೋಗುವುದಿಲ್ಲ.

ಬೀಸುವ ಮೊದಲು ಎಲ್ಲವೂ ತಣ್ಣಗಾಗಿರಬೇಕು. ತಟ್ಟೆಯ ತಳ ಮುಟ್ಟಿದರೆ ಬೆಚ್ಚಗೂ ಇರಬಾರದು. ಮಿಕ್ಸರನ್ನು ಒಂದೇ ಸಮನೆ ಓಡಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಏಕೆಂದರೆ ಬ್ಲೇಡಿನ ಕಾವಿಗೆ ಹಿಟ್ಟು ಬಿಸಿಯಾಗಿ ಪರಿಮಳ ಹಾರುತ್ತದೆ. ಆಮೇಲೆ ಸಾಣಿಗೆ ಹಿಡಿದು, ಉಳಿದ ರವೆಯನ್ನು ಮತ್ತೊಮ್ಮೆ ಬೀಸಿ. ಅರಿಶಿನ, ಇಂಗನ್ನು ಕೊನೆಗೆ ಬೆರೆಸಿ, ಹಿಟ್ಟನ್ನು ಅರ್ಧ ಗಂಟೆ ತಟ್ಟೆಯಲ್ಲಿ ಹರವಿಟ್ಟ ನಂತರವೇ ಡಬ್ಬಿಗೆ ತುಂಬಬೇಕು. ಬಿಸಿ ಹಿಟ್ಟಿನ ಮೇಲೆ ಮುಚ್ಚಳ ಬಿದ್ದರೆ ಅದರ ಆವಿಯೇ ಹನಿಯಾಗಿ ಇಳಿದು ಗಂಟುಗಟ್ಟಿಸುತ್ತದೆ, ಮುಂದೆ ಬೂಷ್ಟು ಹಿಡಿಯುತ್ತದೆ.

ಕಾಲದ ವಿಚಾರದಲ್ಲಿ ಊರಿನ ಲೆಕ್ಕ ಇಲ್ಲಿ ತಿರುಗುಮುರುಗು. ನಮ್ಮಲ್ಲಿ ಯುಗಾದಿಯ ಹಿಂದೆ ಮುಂದೆ ಬಿಸಿಲು ಏರಿದಾಗ ಮಾಳಿಗೆಯ ಮೇಲೆ ಮೆಣಸಿನಕಾಯಿ, ಹವೀಜ ಹರವಿ ವರ್ಷದ ಖಾರ ಮಾಡಿಡುತ್ತಾರೆ. ಅಮೆರಿಕದ ಪೂರ್ವ ಭಾಗದಲ್ಲೂ ನಡುನಾಡಿನ ಹಲವೆಡೆಯೂ ಬೇಸಿಗೆಯ ಗಾಳಿ ತೇವದಿಂದ ಜಿಗುಟಾಗಿರುತ್ತದೆ. ಜನವರಿಯಲ್ಲಿ ಹೀಟರು ಓಡುವ ಮನೆಯ ಗಾಳಿಯಾದರೆ ತುಟಿ ಒಡೆಯುವಷ್ಟು ಒಣಗಿರುತ್ತದೆ. ಹಾಗಾಗಿ ಹಿಟ್ಟು ಮಾಡಲು ಚಳಿಗಾಲವೇ ಪ್ರಶಸ್ತ. ಎಣ್ಣೆಯಂಶ ಕಡಿಮೆಯಿರುವ ಮೆಂತ್ಯದ ಹಿಟ್ಟು ಒಣ ಚಮಚದ ಶಿಸ್ತು ಪಾಲಿಸಿದರೆ ಹೊರಗೇ ಎರಡು ಮೂರು ತಿಂಗಳು ಇರುತ್ತದೆ.

ಹಿಂಡಿಗಳ ಮಾತು ಬೇರೆ. ಶೇಂಗಾ, ಅಗಸಿ, ಗುರೆಳ್ಳು (ಹುಚ್ಚೆಳ್ಳು) ಇವುಗಳಲ್ಲಿ ಎಣ್ಣೆ ಹೆಚ್ಚು, ಬೀಸಿದ ಮೇಲೆ ಬೇಗ ಕಮಟು ವಾಸನೆ ಹಿಡಿಯುತ್ತವೆ. ಹಸಿ ಬೆಳ್ಳುಳ್ಳಿ ಹಾಕಿದ ಶೇಂಗಾ ಹಿಂಡಿಯಂತೂ ಫ್ರಿಜ್ಜಿನಲ್ಲೇ ಇರಬೇಕು. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ, ಮತ್ತು ಫ್ರಿಜ್ಜಿನಿಂದ ತೆಗೆದ ಡಬ್ಬಿಯ ಮುಚ್ಚಳವನ್ನು ಅದರ ತಣುಪು ಆರಿದ ಮೇಲಷ್ಟೇ ತೆಗೆಯಿರಿ, ಇಲ್ಲವಾದರೆ ಹೊರಗಿನ ಗಾಳಿಯ ತೇವ ಒಳಗೆ ಕೂರುತ್ತದೆ. ಅಗಸಿ ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಗುರೆಳ್ಳು ಮಾತ್ರ ಹಕ್ಕಿಗಳ ಆಹಾರವಾಗಿ ದೊಡ್ಡ ದೊಡ್ಡ ಚೀಲಗಳಲ್ಲಿ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಬೆರೆತ ಕಳೆಬೀಜ ಇಲ್ಲಿ ಮೊಳೆಯಬಾರದೆಂದು ಕಾವು ಕೊಟ್ಟು ಆಮದು ಮಾಡಿಕೊಂಡದ್ದು ಅದು. ಮನುಷ್ಯರು ತಿನ್ನಲೆಂದು ಸೋಸಿ ತುಂಬಿದ್ದಲ್ಲ. ಅಗ್ಗವೆಂದು ಕೊಳ್ಳಬೇಡಿ. ಮರಾಠಿಗರು ಹೆಚ್ಚಾಗಿ ಬರುವ ಅಂಗಡಿಯಲ್ಲಿ ಕಾರಳೆ ಎಂದು ಕೇಳಿದರೆ ತಿನ್ನುವ ಗುರೆಳ್ಳು ಸಿಗುವ ಸಾಧ್ಯತೆಯಿದೆ.

ಉಣ್ಣುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ: ಬಿಸಿ ಅನ್ನ, ತುಪ್ಪ, ಹಿಟ್ಟು, ಅಥವಾ ಗಟ್ಟಿ ಮೊಸರಿನಲ್ಲಿ ಕಲಸಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ರೊಟ್ಟಿಯೊಂದಿಗೆ. ಆದರೆ ಬೇರೆಯವರಿಗೆ ಬಡಿಸುವಾಗ ಅದರಲ್ಲಿ ಏನಿದೆಯೆಂದು ಹೇಳುವುದು ಇಲ್ಲಿನ ರೂಢಿ ಮಾತ್ರವಲ್ಲ, ಅಗತ್ಯ ಕೂಡ. ಶೇಂಗಾ ಅಲರ್ಜಿ ಪ್ರಾಣಕ್ಕೇ ಕುತ್ತಾಗಬಲ್ಲದಾದ್ದರಿಂದ ಅನೇಕ ಶಾಲೆಗಳು ಅದನ್ನು ಬುತ್ತಿಯಲ್ಲಿ ಕಳಿಸಬೇಡಿ ಎನ್ನುತ್ತವೆ. ಮಗುವಿನ ಡಬ್ಬಿಗೆ ಹಿಂಡಿ ಹಾಕುವ ಮೊದಲು ಶಾಲೆಯ ನಿಯಮ ಕೇಳಿಕೊಳ್ಳಿ. ಪಾಕೀಟಿನ ಆಹಾರದಲ್ಲಿ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿಕಾರಕಗಳ ಪಟ್ಟಿಗೆ 2023ರ ಜನವರಿ 1ರಿಂದ ಎಳ್ಳೂ ಸೇರಿದೆ. ಮೆಂತ್ಯದ ಹಿಟ್ಟಿನಲ್ಲಿ ಶೇಂಗಾ, ಎಳ್ಳು ಇಲ್ಲ, ಗೋಧಿ ಇದೆ. ಗೋಧಿ ಬಿಟ್ಟು ಅಕ್ಕಿಯನ್ನೇ ಹೆಚ್ಚಿಸಿ ಮಾಡಿದವರೂ ಇಂಗಿನ ಡಬ್ಬಿಯನ್ನು ಒಮ್ಮೆ ತಿರುಗಿಸಿ ಓದಬೇಕು, ಏಕೆಂದರೆ ಪುಡಿ ಇಂಗಿನಲ್ಲಿ ಬಹಳಷ್ಟು ಸಲ ಗೋಧಿ ಹಿಟ್ಟು ಬೆರೆತಿರುತ್ತದೆ; ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಅದೇ ಕಪಾಟಿನಲ್ಲಿ ಸಿಗುತ್ತದೆ.