ಲೆಕ್ಕದ ಫೈಲ್ ತೆರೆಯುತ್ತಿಲ್ಲವೇ? ‘ಸೇವ್’ ಒತ್ತುವ ಮುನ್ನ ಓದಿ

ಲೆಕ್ಕ ಬರೆದಿಡುವ ತಂತ್ರಾಂಶವಾದ ಗ್ನೂಕ್ಯಾಶ್‌ನಲ್ಲಿ ಬರೆದಿಟ್ಟ ಲೆಕ್ಕದ ಫೈಲ್ ಕೆಟ್ಟಿದೆ ಅನ್ನಿಸಿದರೆ ದುರಸ್ತಿಗೆ ಕೈಹಾಕುವ ಮೊದಲು ನಕಲು ಮಾಡಿಕೊಳ್ಳಿ. ತಂತ್ರಾಂಶವನ್ನು ಮುಚ್ಚಿ, ಫೈಲ್ ಇರುವ ಇಡೀ ಫೋಲ್ಡರನ್ನು ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿ. ಕೆಟ್ಟ ಫೈಲ್ ಒಂದನ್ನೇ ಎತ್ತಿಟ್ಟರೆ ಸಾಲದು. ಅದೇ ಫೋಲ್ಡರಿನಲ್ಲಿ ತಾನೇ ಮಾಡಿಡುವ ಬ್ಯಾಕಪ್‌ಗಳನ್ನು (ಹಳೆಯ ಪ್ರತಿಗಳನ್ನು) 30 ದಿನ ದಾಟಿದ ಮೇಲೆ ಈ ತಂತ್ರಾಂಶ ತಾನಾಗಿಯೇ ಅಳಿಸುತ್ತದೆ. ನೀವು ಗಾಬರಿಯಲ್ಲಿ ತೆರೆದು, ಸೇವ್ ಮಾಡಿ ನೋಡುತ್ತಿರುವಾಗಲೇ ನಿಮ್ಮನ್ನು ಉಳಿಸಬೇಕಾದ ಹಳೆಯ ಪ್ರತಿ ಹೋಗಿಬಿಡಬಹುದು.

ತೆರೆಯದ ಫೈಲೆಲ್ಲ ಕೆಟ್ಟದ್ದೇ ಆಗಿರಬೇಕಿಲ್ಲ. ‘ಲಾಕ್ ಸಿಗಲಿಲ್ಲ’ ಎಂಬರ್ಥದ ಸಂದೇಶ ಬಂದರೆ, ಕಳೆದ ಬಾರಿ ಕಂಪ್ಯೂಟರ್ ಏಕಾಏಕಿ ಆಫ್ ಆಗಿ ‘ಎಲ್‌ಸಿಕೆ’ ಎಂದು ಕೊನೆಗೊಳ್ಳುವ ಪುಟ್ಟ ಲಾಕ್ ಫೈಲ್ (ಲೆಕ್ಕ ಈಗಾಗಲೇ ತೆರೆದಿದೆ ಎಂದು ತಿಳಿಸುವ ಗುರುತು) ಉಳಿದುಕೊಂಡಿರುತ್ತದೆ, ಅಷ್ಟೆ. ಬೇರೆಲ್ಲೂ ಅದೇ ಲೆಕ್ಕ ತೆರೆದಿಲ್ಲ ಎಂದು ಖಾತ್ರಿ ಮಾಡಿಕೊಂಡು ‘ಓಪನ್ ಎನಿವೇ’ ಒತ್ತಿ.

ಫೈಲ್ ನಿಜಕ್ಕೂ ಕೆಟ್ಟಿದ್ದರೆ ಅದರ ಗಾತ್ರ ನೋಡಿ. ಸೊನ್ನೆ ಬೈಟ್ ಇದ್ದರೆ ಅದರಲ್ಲಿ ಹುಡುಕಲು ಏನೂ ಉಳಿದಿಲ್ಲ, ನೇರವಾಗಿ ಬ್ಯಾಕಪ್‌ಗೆ ಹೋಗಿ. ಫೋಲ್ಡರಿನಲ್ಲಿ ನಿಮ್ಮ ಫೈಲಿನ ಹೆಸರಿಗೆ 14 ಅಂಕಿಗಳು ಅಂಟಿಕೊಂಡ ಫೈಲ್‌ಗಳು ಕಾಣುತ್ತವೆ. 20240618213005 ಎಂದರೆ 2024ರ ಜೂನ್ 18, ರಾತ್ರಿ 9 ಗಂಟೆ 30 ನಿಮಿಷ 5 ಸೆಕೆಂಡು. ಅಂಥ ಅಂಕಿಗಳಿದ್ದು ‘ಗ್ನೂಕ್ಯಾಶ್’ ಎಂದು ಮುಗಿಯುವುದು ಬ್ಯಾಕಪ್, ‘ಲಾಗ್’ ಎಂದು ಮುಗಿಯುವುದು ವಹಿವಾಟುಗಳ ದಿನಚರಿ. ಹೊಸ ಬ್ಯಾಕಪ್‌ನಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಾ, ಸರಿಯಾಗಿ ತೆರೆಯುವ ಮೊದಲ ಪ್ರತಿ ಸಿಕ್ಕ ಕೂಡಲೇ ‘ಸೇವ್ ಆ್ಯಸ್’ ಮೂಲಕ ಹೊಸ ಹೆಸರು ಕೊಡಿ.

ಆ ಪ್ರತಿಯ ನಂತರ ಬರೆದದ್ದನ್ನು ವಾಪಸ್ ತರುವುದು ಲಾಗ್‌ಗಳ ಕೆಲಸ. ‘ಫೈಲ್’ ಮೆನುವಿನ ‘ಇಂಪೋರ್ಟ್’ ಒಳಗೆ ‘ರಿಪ್ಲೇ ಗ್ನೂಕ್ಯಾಶ್ ಲಾಗ್ ಫೈಲ್’ ಇದೆ. ಹಲವರು ಎಡವುವುದು ಇಲ್ಲೇ. ಬ್ಯಾಕಪ್ ಹೆಸರಿನಲ್ಲಿರುವುದು ಸೇವ್ ಮಾಡಿದ ಸಮಯ, ಆದರೆ ಒಳಗಿರುವುದು ಆ ಸೇವ್‌ಗೆ ಮುಂಚಿನ ಸ್ಥಿತಿ. ಹಾಗಾಗಿ ಅದೇ ಸಮಯದ ಲಾಗ್‌ನಿಂದ ಶುರು ಮಾಡದೆ, ಅದಕ್ಕಿಂತ ಒಂದು ಹಿಂದಿನ ಲಾಗ್‌ನಿಂದ ತೊಡಗಿ, ಹಳೆಯದರಿಂದ ಹೊಸದಕ್ಕೆ ಒಂದೊಂದಾಗಿ ಓಡಿಸಿ. ಒಂದೇ ವಹಿವಾಟು ಎರಡು ಸಲ ಬಂದೀತೆಂಬ ಹೆದರಿಕೆ ಬೇಡ, ಪ್ರತಿ ವಹಿವಾಟಿಗೂ 32 ಅಕ್ಷರಗಳ ಗುರುತು ಇದ್ದು ತಂತ್ರಾಂಶ ಅದನ್ನೇ ನೋಡಿ ಹೊಂದಿಸುತ್ತದೆ. ಆದರೆ ಲಾಗ್‌ನಲ್ಲಿ ವಹಿವಾಟುಗಳಷ್ಟೇ ಇರುತ್ತವೆ. ನಡುವೆ ತೆರೆದ ಹೊಸ ಖಾತೆ, ನಿಗದಿತ ವಹಿವಾಟು, ಇನ್‌ವಾಯ್ಸ್ ಇವನ್ನೆಲ್ಲ ಕೈಯಾರೆ ಮತ್ತೆ ಹಾಕಬೇಕು.

ಬ್ಯಾಕಪ್ಪೇ ಇಲ್ಲದಿದ್ದರೆ? ಗ್ನೂಕ್ಯಾಶ್ ಫೈಲ್ ಸಾಮಾನ್ಯವಾಗಿ ಜಿಜಿಪ್ ವಿಧಾನದಲ್ಲಿ ಕುಗ್ಗಿಸಿದ ಎಕ್ಸ್‌ಎಂಎಲ್ ಪಠ್ಯ, ಅಂದರೆ ಪ್ರತಿ ಮಾಹಿತಿಯೂ < > ಚಿಹ್ನೆಗಳೊಳಗಿನ ತೆರೆಯುವ ಮತ್ತು ಮುಚ್ಚುವ ಟ್ಯಾಗ್‌ಗಳ ನಡುವೆ ಇರುವ ಬರಹ. ನಕಲು ಪ್ರತಿಯನ್ನು ಕುಗ್ಗಿಸಿದ ಫೈಲ್ ಬಿಚ್ಚುವ ತಂತ್ರಾಂಶ ಸೆವೆನ್-ಜಿಪ್‌ನಲ್ಲಿ ಬಿಚ್ಚಿ. ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್’ ಎಂಬ ದೂರು ಬಂದರೆ ಬಾಲ ತುಂಡಾಗಿದೆ ಎಂದರ್ಥ. ಡಿಸ್ಕ್ ತುಂಬಿದಾಗ, ಬರೆಯುತ್ತಿದ್ದಂತೆಯೇ ಪೆನ್‌ಡ್ರೈವ್ ಕಿತ್ತಾಗ ಹೀಗಾಗುತ್ತದೆ. ಬಿಚ್ಚಿಕೊಂಡಷ್ಟು ಪಠ್ಯವನ್ನು ಸರಳ ಎಡಿಟರ್‌ನಲ್ಲಿ ತೆರೆದು ಕೆಳತುದಿಗೆ ಹೋಗಿ. ಅರ್ಧಕ್ಕೆ ನಿಂತ ವಹಿವಾಟೊಂದು ಕಾಣುತ್ತದೆ: ದಿನಾಂಕವಿರುತ್ತದೆ, ವಿವರವಿರುತ್ತದೆ, ಮೊತ್ತದ ನಡುವೆ ಸಾಲು ಕಡಿದಿರುತ್ತದೆ. ಪೂರ್ತಿಯಾಗಿ ಮುಚ್ಚಿಕೊಂಡ ಕೊನೆಯ ವಹಿವಾಟಿನವರೆಗೆ ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿ. ಫೈಲಿನ ಆರಂಭದಲ್ಲಿ ತೆರೆದುಕೊಂಡ ‘ಬುಕ್’ ಟ್ಯಾಗ್‌ಗೂ ಅದರ ಹೊರಗಿನ ಮೂಲ ಟ್ಯಾಗ್‌ಗೂ ಇದೇ ಕ್ರಮದಲ್ಲಿ ಮುಚ್ಚುವ ಟ್ಯಾಗ್ (ಅದೇ ಹೆಸರಿನ ಮುಂದೆ / ಗೆರೆ) ಬರೆದು ಸೇವ್ ಮಾಡಿ. ಮತ್ತೆ ಕುಗ್ಗಿಸಬೇಕಿಲ್ಲ, ಗ್ನೂಕ್ಯಾಶ್ ಕುಗ್ಗಿಸದ ಪಠ್ಯವನ್ನೂ ಓದುತ್ತದೆ. ಖಾತೆಗಳ ಪಟ್ಟಿ ವಹಿವಾಟುಗಳಿಗಿಂತ ಮೇಲಿರುವುದರಿಂದ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ನಿಗದಿತ ವಹಿವಾಟುಗಳು ಕೆಳಗಿರುವುದರಿಂದ ಹೋಗಿರುತ್ತವೆ.

ಎಷ್ಟು ಕಳೆದುಹೋಯಿತೆಂದು ಅಂದಾಜಿನ ಮೇಲೆ ಹೇಳಬೇಕಿಲ್ಲ. ಫೈಲಿನ ತಲೆಭಾಗದಲ್ಲೇ ಒಟ್ಟು ವಹಿವಾಟುಗಳ ಎಣಿಕೆ ಬರೆದಿರುತ್ತದೆ. ಅಲ್ಲಿ 4812 ಎಂದಿದ್ದು, ಎಡಿಟರ್‌ನಲ್ಲಿ ಹುಡುಕಿದಾಗ ವಹಿವಾಟಿನ ಮುಚ್ಚುವ ಟ್ಯಾಗ್ 4790 ಸಿಕ್ಕರೆ, ಮರಳಿ ಬರೆಯಬೇಕಾದದ್ದು 22.

ಲೆಕ್ಕವನ್ನು ಎಕ್ಸ್‌ಎಂಎಲ್ ಬದಲು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ರೂಪದಲ್ಲಿ ಇಟ್ಟವರಿಗೆ ಈ ದಿನಾಂಕದ ಬ್ಯಾಕಪ್‌ಗಳು ಸಿಗುವುದಿಲ್ಲ. ಅವರು ಎಸ್‌ಕ್ಯೂಲೈಟ್‌ನದೇ ‘ರಿಕವರ್’ ಆಜ್ಞೆ ಬಳಸಿ ನೋಡಬೇಕು.

ಫೈಲ್ ತೆರೆದುಕೊಂಡ ಮೇಲೆ ‘ಆ್ಯಕ್ಷನ್ಸ್’ ಮೆನುವಿನಿಂದ ‘ಚೆಕ್ ಆ್ಯಂಡ್ ರಿಪೇರ್’ ಎಲ್ಲ ಖಾತೆಗಳಿಗೂ ನಡೆಸಿ. ಜಮಾ-ಖರ್ಚು ತಾಳೆಯಾಗದ ವಹಿವಾಟುಗಳಿದ್ದರೆ ‘ಇಂಬ್ಯಾಲೆನ್ಸ್’ ಎಂಬ ಖಾತೆಯೂ, ಖಾತೆಯೇ ಇಲ್ಲದ ಮೊತ್ತಗಳಿದ್ದರೆ ‘ಆರ್ಫನ್’ ಎಂಬುದೂ ಹುಟ್ಟಿಕೊಳ್ಳುತ್ತವೆ. ಅವನ್ನು ಅಳಿಸಬೇಡಿ. ಒಳಗಿನ ಒಂದೊಂದನ್ನೂ ಸರಿಯಾದ ಖಾತೆಗೆ ಸೇರಿಸಿ ಶೂನ್ಯಕ್ಕೆ ತನ್ನಿ. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಂಡು ಕಳೆದ ಎರಡು ಮೂರು ತಿಂಗಳ ಬಾಕಿ ಮೊತ್ತವನ್ನು ಸಾಲು ಸಾಲಾಗಿ ತಾಳೆ ನೋಡಿ.

ಕೊನೆಯದಾಗಿ, ‘ಪ್ರಿಫರೆನ್ಸಸ್’ನಲ್ಲಿ ಲಾಗ್ ಮತ್ತು ಬ್ಯಾಕಪ್ ಉಳಿಸಿಕೊಳ್ಳುವ ಅವಧಿಯನ್ನು 30 ದಿನದಿಂದ ‘ಫಾರೆವರ್’ಗೆ ಬದಲಿಸಿ. ಕ್ಲೌಡ್ ಸಿಂಕ್ ಫೋಲ್ಡರಿನಲ್ಲಿಟ್ಟ ಲೆಕ್ಕವನ್ನು ಎರಡು ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ತೆರೆಯಬೇಡಿ. ಲಾಕ್ ಫೈಲ್ ಅತ್ತ ತಲುಪುವಷ್ಟರಲ್ಲಿ ಇಬ್ಬರೂ ಬರೆದಾಗಿರುತ್ತದೆ.