ಅಕ್ಕಿ ಬಂತು, ಬೇಳೆಗೆ ಏನು ಮಾಡೋದು?

ನಮ್ಮದು ಮಧುಗಿರಿ ಕಡೆ ಒಂದು ಹಳ್ಳಿ. ಮನೆಯಲ್ಲಿ ಐದು ಜನ: ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಯಜಮಾನರು ತುಮಕೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಬಿಪಿಎಲ್ ಕಾರ್ಡ್ ಅತ್ತೆ ಹೆಸರಲ್ಲಿದೆ. ಆ ಕಾರ್ಡಿಂದ ಏನು ಸಿಗುತ್ತೆ, ಏನು ಸಿಗೋದಿಲ್ಲ ಅಂತ ಯಾರೂ ಹೇಳಿಕೊಡಲಿಲ್ಲ. ಮನೆ ನಡೆಸುತ್ತಾ ಕಲಿತೆ.

ಮೊದಲು ದುಡ್ಡಿನ ಕಾಲ ಹೇಳುತ್ತೇನೆ. 2023ರ ಜುಲೈಯಿಂದ ರಾಜ್ಯ ಸರ್ಕಾರದ ಅನ್ನಭಾಗ್ಯದಲ್ಲಿ ತಿಂಗಳಿಗೆ ತಲೆಗೆ 10 ಕಿಲೋ ಅಕ್ಕಿ ಅಂದಿದ್ದರು. 5 ಕಿಲೋ ಅಕ್ಕಿ ಬಂತು, ಹೆಚ್ಚಿನ 5 ಕಿಲೋಗೆ ಅಕ್ಕಿ ಹೊಂದಲಿಲ್ಲ. ಅದಕ್ಕೆ ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ದುಡ್ಡು ಹಾಕಿದರು. ತಲೆಗೆ 170, ನಮ್ಮ ಮನೆಗೆ 850 ರೂಪಾಯಿ. ಅತ್ತೆಯ ಖಾತೆಗೆ ಬರುತ್ತಿತ್ತು. ಕೆಲವು ಸಲ ತಿಂಗಳುಗಟ್ಟಲೆ ತಡ ಆಗುತ್ತಿತ್ತು, ಆದರೂ ಬರುತ್ತಿತ್ತು. ಆಗ ತೊಗರಿಬೇಳೆ ಕಿಲೋಗೆ 150 ದಾಟಿತ್ತು. ಎರಡು ಕಿಲೋ ಬೇಳೆ, ಎರಡು ಲೀಟರ್ ಎಣ್ಣೆ, ಒಂದಿಷ್ಟು ಬೆಲ್ಲ, ಮಕ್ಕಳಿಗೆ ಮೊಟ್ಟೆ. ಒಂದು ತಿಂಗಳು ಮಗಳ ನೋಟ್‌ಬುಕ್ಕೂ ಅದರಲ್ಲೇ ಆಯಿತು. ಬಿಲ್ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಆ ತಿಂಗಳಿಗೆ ಮನೆಗೆ ಯಾವುದು ಬೇಕೋ ಅದು ಬಂತು.

2025ರ ಫೆಬ್ರವರಿಯಿಂದ ದುಡ್ಡು ನಿಂತು ಅಕ್ಕಿಯೇ ಬಂತು. ಐದು ಜನಕ್ಕೆ 50 ಕಿಲೋ. ನಾವು ರಾತ್ರಿ ಮುದ್ದೆ ಉಣ್ಣೋ ಜನ. ಎಷ್ಟು ತಿಂದರೂ 30 ಕಿಲೋ ದಾಟೋದಿಲ್ಲ. ಮೂಟೆ ಮೂಲೆಯಲ್ಲಿ ಇದೆ, ಬೇಳೆ ಡಬ್ಬ ಖಾಲಿ ಇದೆ. ಹಿಂದೆ ಕೆಲ ಕಾಲ ಸೊಸೈಟಿಯಲ್ಲಿ ತೊಗರಿಬೇಳೆ, ಎಣ್ಣೆ, ಉಪ್ಪು ಎಲ್ಲ ಕಡಿಮೆ ದರಕ್ಕೆ ಕೊಡುತ್ತಿದ್ದರು. ಅತ್ತೆ ಈಗಲೂ ಅದನ್ನೇ ನೆನೆಸಿಕೊಳ್ಳುತ್ತಾರೆ.

ಇದೇ ಹೊತ್ತಿಗೆ ಬೈಕಲ್ಲಿ ಒಬ್ಬ ಬರೋಕೆ ಶುರು ಮಾಡಿದ. "ಅಕ್ಕ, ಅಕ್ಕಿ ಇದ್ರೆ ಕೊಡಿ, ಕೈಮೇಲೆ ದುಡ್ಡು" ಅಂತ. ನನಗೂ ಆಸೆ ಆಯಿತು. ಆದರೆ ರೇಷನ್ ಅಕ್ಕಿ ಮಾರುವ ಹಾಗಿಲ್ಲ. ಸಿಕ್ಕಿದರೆ ಕಾರ್ಡ್ ರದ್ದಾಗಬಹುದು, ಅಗತ್ಯ ವಸ್ತುಗಳ ಕಾಯ್ದೆಯಲ್ಲಿ ಕೇಸೂ ಆಗಬಹುದು. ಕಾರ್ಡ್ ಹೋದರೆ ಆಸ್ಪತ್ರೆ ಖರ್ಚಿನಿಂದ ಹಿಡಿದು ಎಲ್ಲಕ್ಕೂ ಪರದಾಡಬೇಕು. ನಾನು ಕೊಡಲಿಲ್ಲ. ಕೊಟ್ಟವರನ್ನು ಬೈಯೋಕೂ ನನಗೆ ಮನಸ್ಸಿಲ್ಲ. ಬರೀ ಅನ್ನ ಮುಂದಿಟ್ಟರೆ ಮಕ್ಕಳು ಏನು ಕಲಸಿ ತಿನ್ನಬೇಕು ಹೇಳಿ?

ಉಳಿದ ಅಕ್ಕಿಗೆ ನಾನು ದಾರಿ ಹುಡುಕಿದೆ. ತಿಂಗಳಿಗೆ ಆರೇಳು ಕಿಲೋ ಹಿಟ್ಟು ಮಾಡಿಸುತ್ತೇನೆ. ಬೆಳಿಗ್ಗೆ ರೊಟ್ಟಿಗೆ ಅದೇ. ದೋಸೆಗೆ ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಹಿಡಿ ಅವಲಕ್ಕಿ. ಬೇಸಿಗೆಯಲ್ಲಿ ಸಂಡಿಗೆ. ಮಿಕ್ಕಿದ್ದನ್ನು ನೆರಳಲ್ಲಿ ಹರಡಿ, ಒಣಗಿದ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕಿ ಡ್ರಮ್ಮಿಗೆ ತುಂಬುತ್ತೇನೆ. ಹುಳ ಕಡಿಮೆ.

ಬೇಳೆಗೆ ಬದಲು ಹುರುಳಿ ಹಿಡಿದೆ, ತೊಗರಿಗಿಂತ ಅಗ್ಗ. ಎರಡು ಹಿಡಿ ಹುರುಳಿಕಾಳು, ಹೊಲದ ಬದುವಿನ ಬೆರಕೆ ಸೊಪ್ಪು. ಎರಡನ್ನೂ ಬೇಯಿಸಿ ಬಸಿದರೆ ಕಟ್ಟು ಬಸ್ಸಾರಿಗೆ, ಉಳಿದದ್ದು ಪಲ್ಯಕ್ಕೆ. ಒಂದೇ ಕಾಳು ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು.

ನಮ್ಮ ಕಡೆ ಕೆಲವು ತಿಂಗಳು ಅಕ್ಕಿಯ ಒಂದು ಪಾಲು ರಾಗಿಯಾಗಿ ಬರುತ್ತೆ. ಆ ತಿಂಗಳು ನನಗೆ ಹಬ್ಬ. ಖರೀದಿ ಕೇಂದ್ರದಲ್ಲಿ ನಮ್ಮಂಥ ರೈತರು ಬೆಂಬಲ ಬೆಲೆಗೆ ಕೊಟ್ಟ ರಾಗಿಯೇ ಹೀಗೆ ಸೊಸೈಟಿಗೆ ಬರೋದು. ಹೊಟ್ಟೆ ನಿಲ್ಲೋದು ಅದರಿಂದಲೇ.

ಒಂದು ತಪ್ಪು ಮಾತ್ರ ತುಂಬಾ ದಿನ ಮಾಡಿದೆ. ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಕಾಣುತ್ತಿತ್ತು, ತೊಳೆಯುವಾಗ ಕೆಲವು ತೇಲುತ್ತಿದ್ದವು. ಪ್ಲಾಸ್ಟಿಕ್ ಅಕ್ಕಿ ಅಂತ ಊರೆಲ್ಲ ಮಾತು. ನಾನೂ ಆರಿಸಿ ಎಸೆಯುತ್ತಿದ್ದೆ. ಅಂಗನವಾಡಿ ಟೀಚರ್ ಒಂದು ದಿನ ಕೂರಿಸಿಕೊಂಡು ಹೇಳಿದರು. ಅದು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಹಾಗೆ ಮಾಡಿರುತ್ತಾರೆ. 100 ಕಾಳಿಗೆ ಒಂದು ಬೆರೆಸುತ್ತಿದ್ದರು. ರಕ್ತ ಕಡಿಮೆ ಇರುವ ಮಗಳಿಗೆ ಬೇಕಾದದ್ದನ್ನೇ ನಾನು ಕೈಯಾರೆ ತಿಪ್ಪೆಗೆ ಹಾಕಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ. ಈಗ ಒಂದೇ ಸಲ ಮೆಲ್ಲಗೆ ತೊಳೆಯುತ್ತೇನೆ, ಗಂಜಿ ಬಸಿಯೋದಿಲ್ಲ.

ಸೊಸೈಟಿಯ ಮಾತು ಒಂದಿದೆ. ನಾವು ಹೋಗುತ್ತಿದ್ದ ಕಡೆ ಅಕ್ಕಿ ಜೊತೆ ಸೋಪು, ಟೀಪುಡಿ ತಗೊಳ್ಳಲೇಬೇಕು ಅಂದರು. ಹೆಬ್ಬೆಟ್ಟು ಒತ್ತಿದ್ದಕ್ಕೆ 20 ರೂಪಾಯಿ ಬೇರೆ. ಮೂರು ತಿಂಗಳು ಸುಮ್ನೆ ಕೊಟ್ಟೆ. ಆಮೇಲೆ ಗೊತ್ತಾಯಿತು, ಅಕ್ಕಿ ಪೂರ್ತಿ ಉಚಿತ, ಬೇರೆ ಸಾಮಾನು ಕೊಳ್ಳುವಂತೆ ಬಲವಂತ ಮಾಡುವ ಹಾಗಿಲ್ಲ. "ಅಣ್ಣ, ಸೋಪು ಬೇಡ, ಅಕ್ಕಿ ಅಷ್ಟೇ ಕೊಡಿ. ಇಲ್ಲ ಅಂದ್ರೆ ರೇಷನ್ ದೂರಿನ ನಂಬರ್ 1967ಕ್ಕೆ ಫೋನ್ ಮಾಡ್ತೀನಿ" ಅಂದೆ. ಕೈ ನಡುಗುತ್ತಿತ್ತು. ಹಿಂದೆ ನಿಂತಿದ್ದ ಇಬ್ಬರು ಹೆಂಗಸರೂ "ನಮಗೂ ಬೇಡ" ಅಂದರು. ಅವತ್ತಿನಿಂದ ನಮ್ಮನ್ನು ಕೇಳಿಲ್ಲ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ರೇಷನ್ ತಗೋಬಹುದು ಅನ್ನೋದೂ ನನಗೆ ಅಂದೇ ಗೊತ್ತಾದದ್ದು.

2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಹೆಚ್ಚಿನ 5 ಕಿಲೋ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡೋದಕ್ಕೆ ಸಚಿವ ಸಂಪುಟ ಒಪ್ಪಿತು ಅಂತ. ಮಗಳು ಜೋರಾಗಿ ಓದಿದಳು. ಅತ್ತೆ ಹುರುಳಿ ಕೇರುತ್ತಿದ್ದವರು ಮೊರ ಕೆಳಗಿಟ್ಟು ಕೇಳಿದರು, "ಬ್ಯಾಳೆ ಎಷ್ಟು ಕೊಡ್ತಾರಂತೆ? ಅದನ್ನ ಮದ್ಲು ಓದವ್ವ."